ಒಂದು ಮೀಟರ್ ಹಿಡಿದು ಕಾಂತಕ್ಷೇತ್ರ ಅಳೆಯೋಕೆ ಯಾರಿಗೂ ಹತ್ತು ನಿಮಿಷ ಇಲ್ವಾ?

ನಾನೀಗ ನಾಲ್ಕು ತಿಂಗಳ ಬಸುರಿ. ಲ್ಯಾಬ್‌ನಲ್ಲಿ ದಿನವಿಡೀ ಎನ್‌ಎಂಆರ್ ಯಂತ್ರದ ಜೊತೆ ಕೆಲಸ. ದೊಡ್ಡ ಅಯಸ್ಕಾಂತದೊಳಗೆ ಸ್ಯಾಂಪಲ್ ಇಟ್ಟು ಅಣುಗಳ ರಚನೆ ನೋಡುವ ಯಂತ್ರ ಅದು. 400 ಮೆಗಾಹರ್ಟ್ಸ್‌ನದು, ಅಂದರೆ ಒಳಗೆ 9.4 ಟೆಸ್ಲಾ ಕಾಂತಕ್ಷೇತ್ರ. ಬಸುರಿ ಎಂದು ತಿಳಿಸಿದ ದಿನವೇ ಒಂದು ಪ್ರಶ್ನೆ ಕೇಳಿದ್ದೆ. ನಾನು ಕೂರುವ ಜಾಗದಲ್ಲಿ ಎಷ್ಟು ಗಾಸ್ ಇದೆ? (ಗಾಸ್ ಅಂದರೆ ಕಾಂತಕ್ಷೇತ್ರದ ಸಣ್ಣ ಅಳತೆ, 10,000 ಗಾಸ್ ಸೇರಿದರೆ ಒಂದು ಟೆಸ್ಲಾ.) ಮೂರು ವಾರ ಕಳೆದರೂ ಉತ್ತರ ಬರಲಿಲ್ಲ.

ಸುರಕ್ಷತೆ ನೋಡಿಕೊಳ್ಳುವವರು "ಏನೂ ಆಗಲ್ಲಮ್ಮ, ಸುಮ್ನೆ ತಲೆ ಕೆಡಿಸ್ಕೋಬೇಡಿ" ಅಂದರು. ಸೀನಿಯರ್ ಒಬ್ಬರು "ರಿಸ್ಕ್ ಯಾಕೆ, ಹೆರಿಗೆ ಆಗೋವರೆಗೂ ಆ ಕಡೆ ಬರಲೇಬೇಡಿ" ಅಂದರು. ಇಬ್ಬರೂ ಅಳೆದು ನೋಡಿ ಹೇಳಿದ್ದಲ್ಲ. ಸೋಮವಾರ ಬಂದು ನೋಡಿದರೆ ಬುಕಿಂಗ್ ಪಟ್ಟಿಯಿಂದ ನನ್ನ ಹೆಸರನ್ನೇ ತೆಗೆದುಹಾಕಿದ್ದರು. ನನ್ನ ಹತ್ತಿರ ಒಂದು ಮಾತೂ ಕೇಳಿರಲಿಲ್ಲ!

ಯಂತ್ರದ ಸುತ್ತ ನೆಲದ ಮೇಲೆ ಹಳದಿ ಟೇಪ್ ಇದೆ, ಅಂಚು ಕಿತ್ತು ಬಂದಿದೆ. ಅದು 5 ಗಾಸ್ ಗೆರೆ. ಪೇಸ್‌ಮೇಕರ್ ಹಾಕಿಸಿಕೊಂಡವರು ದಾಟಬಾರದು ಅಂತ ಇರುವುದು. ಅದೇ ಗೆರೆ ತೋರಿಸಿ ನನ್ನನ್ನೂ ಆಚೆ ನಿಲ್ಲಿಸಿದರು. ಸ್ಥಿರ ಕಾಂತಕ್ಷೇತ್ರಕ್ಕೆ ಅಂತರರಾಷ್ಟ್ರೀಯ ಸಂಸ್ಥೆ ಐಸಿಎನ್‌ಐಆರ್‌ಪಿ 2009ರಲ್ಲಿ ಜನಸಾಮಾನ್ಯರಿಗೆ ಹಾಕಿದ ಮಿತಿ 400 ಮಿಲಿಟೆಸ್ಲಾ, ಅಂದರೆ 4,000 ಗಾಸ್. ಆಸ್ಪತ್ರೆಗಳ ಎಂಆರ್‌ಐ ವಿಭಾಗದಲ್ಲಿ ಬಸುರಿಯರು ಕೆಲಸ ಮಾಡುತ್ತಾರೆ. ಸ್ಕ್ಯಾನ್ ನಡೆಯುವಾಗ ಮಾತ್ರ ಆ ಕೋಣೆಯೊಳಗೆ ಉಳಿಯಬೇಡಿ ಅನ್ನುವುದು ಅಮೆರಿಕನ್ ಕಾಲೇಜ್ ಆಫ್ ರೇಡಿಯಾಲಜಿ ಎಂಬ ವೈದ್ಯರ ಸಂಘದ ಸಲಹೆ. ಇದು ಎಕ್ಸ್‌ರೇ ಅಲ್ಲ. ವಿಜ್ಞಾನ ಓದಿದವರೇ ಎರಡನ್ನೂ ಒಂದು ಮಾಡಿದರೆ ಯಾರ ಹತ್ತಿರ ಹೋಗಿ ಕೇಳಲಿ?

ಹೊಟ್ಟೆ ಉರಿಯುವ ಮಾತು ಬೇರೆಯೇ ಇದೆ. ಯಂತ್ರದಿಂದ ದೂರ ಇಟ್ಟು ನನ್ನನ್ನು ಕೂರಿಸಿದ್ದು ಎಲ್ಲಿ ಗೊತ್ತಾ? ಸಾಲ್ವೆಂಟ್ ಬೆಂಚಿನಲ್ಲಿ. ಕೈಗೆ ಬಂದ ಮೊದಲ ಬಾಟಲಿ ಡಿಎಂಎಫ್ ಎಂಬ ದ್ರಾವಕದ್ದು. ಅದರ ಲೇಬಲ್ ಮೇಲೆ, ಎದೆಯಲ್ಲಿ ಬಿರುಕು ಬಿಟ್ಟ ಮನುಷ್ಯನ ಚಿತ್ರದ ಪಕ್ಕ, ಹುಟ್ಟದ ಮಗುವಿಗೆ ಹಾನಿ ಮಾಡಬಹುದು ಎಂದು ಅಚ್ಚಾಗಿದೆ. ಬಾಟಲಿಯೇ ಕೂಗಿ ಹೇಳುತ್ತಿದೆ, ಓದುವವರಿಲ್ಲ. ಪಕ್ಕದ ಸಣ್ಣ ಕೋಣೆಯಲ್ಲಿ ದ್ರವ ನೈಟ್ರೋಜನ್ ತುಂಬಿಸುವ ಕೆಲಸವೂ ನನ್ನದೇ. ಒಂದು ಲೀಟರ್ ಚೆಲ್ಲಿದರೆ ಸುಮಾರು 700 ಲೀಟರ್ ಅನಿಲವಾಗಿ ಹರಡಿ ಆಮ್ಲಜನಕವನ್ನು ಆಚೆ ತಳ್ಳುತ್ತದೆ. ಅಲ್ಲಿ ಆಮ್ಲಜನಕದ ಅಲಾರಂ ಇಲ್ಲ. ಇದರ ಬಗ್ಗೆ ಒಬ್ಬರಿಗೂ "ರಿಸ್ಕ್ ಯಾಕೆ" ಅನ್ನಿಸಲಿಲ್ಲ. ನನ್ನ ಮಗುವಿನ ಮೇಲೆ ಅಷ್ಟು ಕಾಳಜಿ ಇದ್ದಿದ್ದರೆ ಮೊದಲು ಆ ಬಾಟಲಿಯನ್ನು ನನ್ನ ಕೈಯಿಂದ ಕಿತ್ತುಕೊಳ್ಳಬೇಕಿತ್ತು ಅಲ್ವಾ?

ಕೊನೆಗೆ ಫಿಸಿಕ್ಸ್ ಲ್ಯಾಬ್‌ನ ಗೆಳತಿಯಿಂದ ಗಾಸ್ ಮೀಟರ್ ಎರವಲು ತಂದು ನಾನೇ ಅಳೆದೆ. ಹತ್ತು ನಿಮಿಷವೂ ಬೇಕಾಗಲಿಲ್ಲ. ಕುರ್ಚಿಯ ಹತ್ತಿರ 1 ಗಾಸ್ ಕೂಡ ಇಲ್ಲ, ಭೂಮಿಯದೇ ಅರ್ಧ ಗಾಸ್ ಇರುತ್ತದೆ. ಸ್ಯಾಂಪಲ್ ಹಾಕಲು ಮೆಟ್ಟಿಲು ಹತ್ತಿದಾಗ ಹೊಟ್ಟೆಯ ಮಟ್ಟದಲ್ಲಿ 20ರ ಆಸುಪಾಸು. ಅದು ನೋಡಿದಾಗ ಕಣ್ಣಲ್ಲಿ ನೀರು ಬಂತು. ಮೂರು ವಾರ ರಾತ್ರಿ ನಿದ್ದೆ ಇಲ್ಲದೆ ಹೊಟ್ಟೆ ಮುಟ್ಟಿಕೊಂಡು ಕೂತಿದ್ದೆ.

ಎಲ್ಲಾ ಅಂಕಿಗಳನ್ನೂ ಹಾಳೆಯಲ್ಲಿ ಬರೆದು ಎನ್‌ಎಂಆರ್ ಕೋಣೆಯ ಬಾಗಿಲಿಗೆ ಅಂಟಿಸಿ ಬಂದಿದ್ದೇನೆ. ಡಿಎಂಎಫ್ ಬಾಟಲಿ ಇನ್ನೂ ನನ್ನ ಬೆಂಚಿನ ಮೇಲೇ ಇದೆ. ಬುಕಿಂಗ್ ಪಟ್ಟಿಗೆ ನನ್ನ ಹೆಸರು ಇನ್ನೂ ವಾಪಸ್ ಬಂದಿಲ್ಲ.