ಡ್ರಿಪ್ ಹಿಂದಿನ ಐರಿಷ್ ಡಾಕ್ಟರು

ವಿಲಿಯಂ ಬ್ರೂಕ್ ಓಶಾನೆಸ್ಸಿ ಅಂದರೆ ಭಾರತಕ್ಕೆ ಟೆಲಿಗ್ರಾಫ್ ತಂದವನು ಅನ್ನುತ್ತಾರೆ ಇತಿಹಾಸ ಓದಿದವರು. ಗಾಂಜಾವನ್ನು ಯುರೋಪಿನ ವೈದ್ಯರಿಗೆ ಪರಿಚಯಿಸಿದವನು ಅನ್ನುವವರೂ ಇದ್ದಾರೆ. ಎರಡೂ ನಿಜ. ಆದರೆ ಇವತ್ತಿನ ಡ್ರಿಪ್‌ಗೆ ದಾರಿ ಮಾಡಿದ ಈತನ ಅತಿ ದೊಡ್ಡ ಕೆಲಸ ಅವೆರಡಕ್ಕೂ ಮೊದಲೇ, ಇಪ್ಪತ್ತೆರಡು ವಯಸ್ಸಿನ ಆಸುಪಾಸಿನಲ್ಲೇ ಮುಗಿದಿತ್ತು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಹುಟ್ಟಿದ್ದು ಐರ್ಲೆಂಡಿನ ಲಿಮರಿಕ್‌ನಲ್ಲಿ, ಡಾಕ್ಟರಿಕೆ ಕಲಿತದ್ದು ಎಡಿನ್‌ಬರೋದಲ್ಲಿ. 1831ರ ಕೊನೆಗೆ ಇಂಗ್ಲೆಂಡಿನ ಸಂಡರ್‌ಲ್ಯಾಂಡ್ ಬಂದರಿಗೆ ಕಾಲರಾ ಬಡಿಯಿತು. ಆಗ ನಡೆಯುತ್ತಿದ್ದ ಚಿಕಿತ್ಸೆ ಏನು ಗೊತ್ತಾ? ವಾಂತಿಭೇದಿಯಲ್ಲಿ ನೀರೆಲ್ಲ ಬಸಿದು, ಕಣ್ಣು ಗುಳಿಬಿದ್ದು, ಮೈ ನೀಲಿಗಟ್ಟಿ ಮಲಗಿದವರ ನಾಳ ಕೊಯ್ದು ರಕ್ತ ಹರಿಸುವುದು! ಅದಾದರೂ ಹರಿಯಬೇಕಲ್ಲ, ಕಪ್ಪಗೆ ಮಂದವಾಗಿ ತೊಟ್ಟಿಕ್ಕುತ್ತಿತ್ತು. ಈ ಹುಡುಗ ಸಂಡರ್‌ಲ್ಯಾಂಡಿಗೇ ಹೋಗಿ ಆ ರಕ್ತವನ್ನು ರಾಸಾಯನಿಕ ಪರೀಕ್ಷೆಗೆ ಒಡ್ಡಿದ. ನೀರಿನಂಶ ಇಳಿದಿದೆ, ಲವಣ ಮತ್ತು ಕ್ಷಾರ ಕಡಿಮೆಯಾಗಿವೆ, ಅವು ಭೇದಿಯಲ್ಲಿ ಹೊರಹೋಗುತ್ತಿವೆ ಅಂತ ತೋರಿಸಿದ. ಹೋದದ್ದನ್ನು ರಕ್ತನಾಳದ ಮೂಲಕವೇ ತುಂಬಿಕೊಡಿ ಅಂದ.

ಮಾಡಿ ತೋರಿಸಿದ್ದು ಸ್ಕಾಟ್ಲೆಂಡಿನ ಲೀತ್ ಊರಿನ ಡಾಕ್ಟರ್ ಥಾಮಸ್ ಲಟ್ಟಾ, 1832ರಲ್ಲಿ. ಸಾಯುವ ಹಂತದಲ್ಲಿದ್ದ ವೃದ್ಧೆಯೊಬ್ಬಳ ನಾಳಕ್ಕೆ ಉಪ್ಪುನೀರು ಹಾಯಿಸಿದ. ನಾಡಿ ಸಿಕ್ಕಿತು, ಮುಖಕ್ಕೆ ಕಳೆ ಬಂತು. ಲಟ್ಟಾ ಅತ್ತ ಹೋದ ಮೇಲೆ ಭೇದಿ ಮತ್ತೆ ಶುರುವಾಗಿ, ಕೆಲವೇ ಗಂಟೆಗಳಲ್ಲಿ ಆಕೆ ತೀರಿಕೊಂಡಳು. ಬಿಡದೆ ಕೊಡುತ್ತಲೇ ಇರಬೇಕಿತ್ತು. ಈ ಭಾಗ ಓದುವಾಗ ಈಗಲೂ ಹೊಟ್ಟೆ ಉರಿಯುತ್ತದೆ.

ಲಟ್ಟಾ ಮರುವರ್ಷವೇ ಸತ್ತ. ಓಶಾನೆಸ್ಸಿಗೆ ಲಂಡನ್ನಿನಲ್ಲಿ ವೃತ್ತಿಯ ಪರವಾನಗಿ ಸಿಗಲಿಲ್ಲ. 1833ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೇನೆಗೆ ಅಸಿಸ್ಟೆಂಟ್ ಸರ್ಜನ್ ಆಗಿ ಸೇರಿ ಬಂಗಾಳಕ್ಕೆ ಬಂದ. 1835ರಲ್ಲಿ ಶುರುವಾದ ಕಲ್ಕತ್ತಾ ಮೆಡಿಕಲ್ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪ್ರೊಫೆಸರ್ ಆದ. ಗಾಂಜಾ ವಿಚಾರದಲ್ಲೂ ಅದೇ ಶಿಸ್ತು: ಇಲ್ಲಿನ ಹಕೀಮರು, ಪಂಡಿತರ ತಿಳಿವಳಿಕೆ ಕೇಳಿಕೊಂಡು, ಮೊದಲು ಪ್ರಾಣಿಗಳಿಗೆ ಕೊಟ್ಟು ನೋಡಿ, ಆಮೇಲೆ ಧನುರ್ವಾಯು, ಸಂಧಿವಾತದ ರೋಗಿಗಳಿಗೆ ಕೊಟ್ಟ. ಟೆಲಿಗ್ರಾಫಿಗೆ 1856ರಲ್ಲಿ ಸರ್ ಪದವಿಯೂ ಬಂತು.

ಉಪ್ಪುನೀರಿನ ಚಿಕಿತ್ಸೆ ಮಾತ್ರ ದಶಕಗಟ್ಟಲೆ ಮೂಲೆಗೆ ಬಿತ್ತು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಬ್ರಿಟಿಷ್ ಡಾಕ್ಟರ್ ಲಿಯೊನಾರ್ಡ್ ರಾಜರ್ಸ್ ಕಾಲರಾಕ್ಕೆ ಅದನ್ನು ಮತ್ತೆ ಬಳಸಿ ಸಾವು ತಗ್ಗಿಸಿದ್ದು ಕಲ್ಕತ್ತಾದಲ್ಲೇ. ನಡುವೆ ಸತ್ತವರಿಗೆ ಲೆಕ್ಕವಿಲ್ಲ. ನಮ್ಮ ಮೆಡಿಕಲ್ ಕಾಲೇಜುಗಳಲ್ಲಿ ಡ್ರಿಪ್ ಹಾಕುವುದನ್ನು ಕಲಿಸುವ ದಿನವೇ ಸಂಡರ್‌ಲ್ಯಾಂಡಿನ ಈ ಕಥೆ ಹೇಳಲಿ, ಲಟ್ಟಾನ ಹೆಸರನ್ನೂ ಸೇರಿಸಿ.