ಮೌಲ್ಯದ ಬಿಲ್ ಯಾರ ಹೆಸರಿಗೆ?

ಆಫೀಸಿನ ತರಬೇತಿಗಳಲ್ಲಿ ಈಗೀಗ ಒಂದು ಆಟ ಆಡಿಸುತ್ತಾರೆ. ನೀವೂ ಆಡಿರಬಹುದು. ಹಾಳೆ ತುಂಬ ಪದಗಳು. ಪ್ರಾಮಾಣಿಕತೆ, ಕುಟುಂಬ, ಸಮಾನತೆ, ಸಾಧನೆ, ಸ್ವಾತಂತ್ರ್ಯ, ಅಧಿಕಾರ, ಭದ್ರತೆ... ನಿಮ್ಮ ಬದುಕಿನ ಐದು ಮೂಲ ಮೌಲ್ಯಗಳಿಗೆ ಸುತ್ತು ಹಾಕಿ ಅಂತಾರೆ. ಎಲ್ಲರ ಹಾಳೆಯಲ್ಲೂ ಪ್ರಾಮಾಣಿಕತೆಗೆ ಸುತ್ತು ಇರುತ್ತದೆ. ಅಧಿಕಾರಕ್ಕೆ ಯಾರೂ ಹಾಕುವುದಿಲ್ಲ. ಪ್ರಮೋಷನ್ ಲಿಸ್ಟ್ ಬರುವ ವಾರ ಅದೇ ಆಫೀಸಿನಲ್ಲಿ ಒಂದು ಸುತ್ತು ಓಡಾಡಿ ನೋಡಿ, ಗೊತ್ತಾಗುತ್ತದೆ.

ಆ ಹಾಳೆಯ ಮೇಲೆ ನನಗೆ ಕೋಪವೇನಿಲ್ಲ. ತಕರಾರು ಒಂದೇ. ಒಳ್ಳೆಯ ಪದಕ್ಕೆ ಸುತ್ತು ಹಾಕಲು ಏನೂ ಖರ್ಚಾಗುವುದಿಲ್ಲ.

ಈ ವಿಷಯವನ್ನು ಸೀರಿಯಸ್ಸಾಗಿ ಓದಿದವರು ಇಷ್ಟು ಸುಲಭಕ್ಕೆ ಬಿಟ್ಟಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಮಿಲ್ಟನ್ ರೋಕೀಚ್ 18 ಮೌಲ್ಯಗಳ ಎರಡು ಪಟ್ಟಿ ಮಾಡಿದ್ದರು. ಒಂದರಲ್ಲಿ ಬದುಕಿನ ಗುರಿಗಳು, ಇನ್ನೊಂದರಲ್ಲಿ ನಡತೆಯ ಗುಣಗಳು. ಬೇಕಾದ್ದಕ್ಕೆ ಟಿಕ್ ಹಾಕಿ ಏಳುವ ಹಾಗಿಲ್ಲ, 1ರಿಂದ 18ರವರೆಗೆ ಸಾಲಾಗಿ ಜೋಡಿಸಬೇಕು. ಕುಟುಂಬದ ಭದ್ರತೆಯನ್ನು ಮೇಲೇರಿಸಿದರೆ ಸ್ವಾತಂತ್ರ್ಯವೋ ಸಮಾನತೆಯೋ ಒಂದು ಮೆಟ್ಟಿಲು ಇಳಿಯಲೇಬೇಕು. ಆಮೇಲೆ ಶಾಲೋಮ್ ಶ್ವಾರ್ಟ್ಜ್ ಅನ್ನುವವರು 1992ರಲ್ಲಿ 20 ದೇಶಗಳ ಮಾಹಿತಿ ಇಟ್ಟುಕೊಂಡು 10 ಮೌಲ್ಯಗಳನ್ನು ಒಂದು ವೃತ್ತದಲ್ಲಿ ಕೂರಿಸಿದರು. ಪಕ್ಕಪಕ್ಕದವು ನೆಂಟರು, ಎದುರುಬದುರಿನವು ಮಾತು ಬಿಟ್ಟ ದಾಯಾದಿಗಳು. ಅಧಿಕಾರ, ಸಾಧನೆ ಒಂದು ಕಡೆ ಕೂತರೆ ಬೇರೆಯವರ ಒಳಿತು ಎದುರಿಗೆ. ಹೊಸದನ್ನು ಹುಡುಕುವುದು ಒಂದು ಕಡೆಯಾದರೆ ಸಂಪ್ರದಾಯ, ಭದ್ರತೆ, ನಾಲ್ಕು ಜನರ ಹಾಗೆ ಇರುವುದು ಎದುರಿಗೆ.

ಈ ಕೊನೆಯದರ ಹತ್ತಿರ ಸ್ವಲ್ಪ ನಿಲ್ಲಬೇಕು. 'ನಾಲ್ಕು ಜನ ಏನಂತಾರೆ' ಅನ್ನುವುದನ್ನು ನಾವು ಅಳುಕು ಅಂತ ತಿಳಿದಿದ್ದೇವೆ. ಶ್ವಾರ್ಟ್ಜ್ ಅವರ ಹತ್ತರಲ್ಲಿ ಅದಕ್ಕೂ ಒಂದು ಜಾಗ ಇದೆ. ನಮ್ಮ ಎಷ್ಟೋ ಮನೆಗಳಲ್ಲಿ ಅದರದ್ದೇ ಮೊದಲ ಜಾಗ. ಸಮಾನತೆಗೆ ಸುತ್ತು ಹಾಕಿ ಬಂದವರ ಅಡುಗೆಮನೆಗೆ ಹೋಗಿ ನೋಡಿ. ಮನೆಗೆಲಸಕ್ಕೆ ಬರುವಾಕೆಯ ಲೋಟ ಬೇರೆ ಇರುತ್ತದೆ, ಕಿಟಕಿಯ ಪಕ್ಕ, ಬೋರಲು. ಕೇಳಿದರೆ 'ಅದು ಮೊದಲಿನಿಂದ ಹಾಗೇ' ಅಂತಾರೆ. ಹಾಳೆಯಲ್ಲಿ ಇಲ್ಲದ ಆ 'ಮೊದಲಿನಿಂದ ಹಾಗೇ' ಇದೆಯಲ್ಲ, ಮನೆ ನಡೆಸುತ್ತಿರುವುದು ಅದೇ.

ಹಾಗಾದರೆ ನಮ್ಮ ಮೌಲ್ಯ ಯಾವುದು ಅಂತ ತಿಳಿಯುವುದು ಹೇಗೆ? ಯಾವುದಕ್ಕಾಗಿ ಏನನ್ನು ಬಿಟ್ಟುಕೊಟ್ಟೆವು ಅಂತ ನೋಡಬೇಕು ಅನ್ನುವುದು ಹಳೆಯ ಉತ್ತರ. ಸರಿಯೇ. ಆದರೆ ಅದರ ಜೊತೆ ಇನ್ನೊಂದು ಪ್ರಶ್ನೆ ಕೇಳಬೇಕು ಅಂತ ನನಗೆ ಅನ್ನಿಸುತ್ತದೆ. ಬಿಟ್ಟುಕೊಟ್ಟದ್ದು ಯಾರದ್ದು?

ನಮ್ಮಪ್ಪ ಮಿಡ್ಲ್ ಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ತನ್ನ ಕ್ಲಾಸಿನ ಮಕ್ಕಳಿಂದ ದುಡ್ಡು ತಗೊಂಡು ಟ್ಯೂಷನ್ ಹೇಳುವುದಿಲ್ಲ ಅಂತ ಹಟ ಹಿಡಿದವರು. ಶಿಕ್ಷಕರು ಖಾಸಗಿ ಟ್ಯೂಷನ್ ಮಾಡಬಾರದು ಅಂತ ಶಿಕ್ಷಣ ಹಕ್ಕು ಕಾಯ್ದೆ ಹೇಳಿದ್ದು 2009ರಲ್ಲಿ. ಅಪ್ಪನದು ಎಂಬತ್ತರ ದಶಕದ ಮಾತು. ಸಂಜೆ ಜಗಲಿ ತುಂಬ ಮಕ್ಕಳು ಬರುತ್ತಿದ್ದರು, ಪುಕ್ಕಟೆ. ಊರಲ್ಲಿ 'ಮೇಷ್ಟ್ರು ಅಂದ್ರೆ ಅವರಪ್ಪಾ' ಅನ್ನುವ ಹೆಸರು ಅಪ್ಪನಿಗೆ ಬಂತು. ಅಮ್ಮನಿಗೆ ಬಂದದ್ದು ದಿನಸಿ ಅಂಗಡಿಯ ಉದ್ರಿ ಪುಸ್ತಕ. ತಿಂಗಳ ಕೊನೆಗೆ ಶೆಟ್ಟರ ಮುಖ ನೋಡಬೇಕಾಗಿದ್ದು ಅಮ್ಮ. ಸೋರುವ ಹೆಂಚಿನ ಕೆಳಗೆ ಪಾತ್ರೆ ಇಡುತ್ತಿದ್ದದ್ದೂ ಅಮ್ಮನೇ.

ಟ್ಯೂಷನ್ ಬೇಡ ಅನ್ನುವಾಗ ಅಪ್ಪ ನಿನ್ನನ್ನು ಕೇಳಿದ್ದರಾ ಅಂತ ಒಮ್ಮೆ ಅಮ್ಮನನ್ನು ಕೇಳಿದೆ. 'ನನ್ನನ್ಯಾಕೆ ಕೇಳ್ತಾರೆ?' ಅಂದಳು. ಸ್ವಲ್ಪ ಹೊತ್ತು ಬಿಟ್ಟು, 'ಕೇಳಿದ್ರೆ ನಾನೂ ಬೇಡ ಅಂತಾನೇ ಹೇಳ್ತಿದ್ದೆ. ಆದ್ರೆ ಕೇಳ್ಬೇಕಿತ್ತು' ಅಂದಳು.

ಅಪ್ಪನ ಬಗ್ಗೆ ನನಗಿರುವ ಗೌರವ ಇದರಿಂದ ಕಡಿಮೆಯಾಗಿಲ್ಲ. ಆದರೆ ಆ ಮೌಲ್ಯದ ಲೆಕ್ಕದಲ್ಲಿ ಈಗ ಎರಡು ಹೆಸರು ಕಾಣುತ್ತದೆ, ಮೊದಲು ಒಂದೇ ಕಾಣುತ್ತಿತ್ತು.

12ನೇ ಶತಮಾನದ ಕಲ್ಯಾಣದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮನ ಕಥೆ ನನಗೆ ಜಾಸ್ತಿ ಇಷ್ಟವಾಗುವುದು ಇದಕ್ಕೇ. ರಾಯಚೂರು ಕಡೆಯ ಅಮರೇಶ್ವರದಿಂದ ಬಂದ ದಂಪತಿ. ಬಿದ್ದ ಅಕ್ಕಿ ಆಯ್ದು ತರುವುದು ಗಂಡನ ಕಾಯಕ. ಒಂದು ದಿನ ಎಂದಿಗಿಂತ ಜಾಸ್ತಿ ಅಕ್ಕಿ ತಂದ. ಇಷ್ಟು ನಮಗೆ ಬೇಡ, ವಾಪಸ್ ಹಾಕಿ ಬಾ ಅಂದವಳು ಲಕ್ಕಮ್ಮ. ಒಲೆಯ ಮುಂದೆ ಕೂತವಳು, ನಾಳೆ ಮಡಕೆಯಲ್ಲಿ ಎಷ್ಟಿರುತ್ತದೆ ಅಂತ ಗೊತ್ತಿದ್ದವಳು. ಕಷ್ಟ ಹೊರಬೇಕಾದವಳೇ ಬೇಡ ಅಂದಾಗ ಆ ಮಾತಿಗೆ ಬರುವ ತೂಕವೇ ಬೇರೆ, ಅಲ್ವಾ? ಮನೆಯವರ ತಟ್ಟೆಯಿಂದ ತೆಗೆದು ಆದರ್ಶ ಪಾಲಿಸುವ ಗಂಡಸರ ಕಥೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಅವರಿಗೆ ಹಾರ ಹಾಕುವಾಗ ಪಕ್ಕದಲ್ಲಿ ಯಾರು ನಿಂತಿದ್ದಾರೆ ಅಂತ ಯಾರೂ ನೋಡುವುದಿಲ್ಲ.

ಈಗ ನಮ್ಮನೆ ಸುದ್ದಿ. ಮೈಸೂರಿನಲ್ಲಿ ಸೈಟು ನೋಡುತ್ತಿದ್ದೇವೆ. ಒಂದು ತುಂಬ ಹಿಡಿಸಿತು. ನನ್ನ ಹೆಂಡತಿಯ ಕೆಲಸದ ಜಾಗಕ್ಕೆ ನಡೆದೇ ಹೋಗಬಹುದು. ಮಾಲೀಕರ ಷರತ್ತು ನಿಮಗೆ ಗೊತ್ತಿರುವುದೇ: ಸರ್ಕಾರ ಗೊತ್ತು ಮಾಡಿದ ಕನಿಷ್ಠ ಬೆಲೆಗೆ, ಅಂದರೆ ಗೈಡೆನ್ಸ್ ವ್ಯಾಲ್ಯೂಗೆ ರಿಜಿಸ್ಟ್ರೇಷನ್, ಉಳಿದದ್ದು ಕ್ಯಾಶ್. ಆಸ್ತಿ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕಿಂತ ಜಾಸ್ತಿ ನಗದು ತಗೊಳ್ಳುವ ಹಾಗಿಲ್ಲ ಅಂತ 2015ರಿಂದ ಕಾನೂನಿದೆ. 'ಎಲ್ಲಾರೂ ಹಂಗೇ ಮಾಡೋದು ಸಾರ್' ಅಂದ ಬ್ರೋಕರ್. ನನಗೆ ತಕ್ಷಣ ಇಲ್ಲ ಅನ್ನಬೇಕು ಅನ್ನಿಸಿತು. ಆದರೆ ಬೇಡ ಅಂದರೆ ದಿನಾ ಎರಡು ಬಸ್ಸು ಹತ್ತಿ ಇಳಿಯುವವಳು ಅವಳು. ಹಾಗಾಗಿ ಬಾಯಿ ಮುಚ್ಚಿಕೊಂಡು ಮನೆಗೆ ಬಂದು ಅವಳನ್ನೇ ಕೇಳಿದೆ. ಎರಡು ದಿನ ಯೋಚನೆ ಮಾಡಿದಳು. ಬೇಜಾರೂ ಮಾಡಿಕೊಂಡಳು. ಆಮೇಲೆ ಬ್ರೋಕರ್‌ಗೆ ಅವಳೇ ಫೋನ್ ಮಾಡಿ ಬೇಡ ಅಂದಳು. ಬಸ್ಸಿನ ಬದಲು ಸ್ಕೂಟರ್ ಬೇಕು, ಅದರ ಕಂತು ನಾನು ಕಟ್ಟಬೇಕು ಅಂತ ಕರಾರೂ ಆಗಿದೆ.

ಈಗ ರಿಂಗ್ ರೋಡ್ ಆಚೆ ಹುಡುಕುತ್ತಿದ್ದೇವೆ. ಪೂರ್ತಿ ಚೆಕ್‌ನಲ್ಲಿ ಮಾರುವವರು ಯಾರಾದರೂ ಗೊತ್ತಿದ್ದರೆ ಇನ್‌ಬಾಕ್ಸ್‌ಗೆ ಬನ್ನಿ. ಬ್ರೋಕರ್‌ಗಳು ದಯವಿಟ್ಟು ಬೇಡ.