ಅರ್ಧ ಲೋಟದ ಲೆಕ್ಕ

ಚಹಾಕ್ಕೆ ಎಷ್ಟು ಜನ ಎಂಬುದನ್ನು ಪಾತ್ರೆ ಒಲೆಗಿಡುವ ಮೊದಲೇ ಹೇಳಬಲ್ಲ ಗೃಹಿಣಿ ನಮ್ಮ ಕಡೆಯ ಹಳ್ಳಿಗಳಲ್ಲಿ ಇನ್ನೂ ಹುಟ್ಟಿಲ್ಲ. ಶಿರಸಿ ಪೇಟೆಯಲ್ಲಿ ಮನೆ ಮಾಡಿಕೊಂಡಿರುವ ನನ್ನ ಸಹೋದ್ಯೋಗಿಗಳು ಆರು ಜನರನ್ನು ಕರೆದರೆ ಆರೇ ಜನ ಬರುತ್ತಾರೆ. ಆರು ಕಪ್ಪು ತೊಳೆದಿಟ್ಟರೆ ಅವರ ಆತಿಥ್ಯ ಮುಗಿಯುತ್ತದೆ. ನಮ್ಮಲ್ಲಾದರೋ ಅಂಗಳ ಹಾದು ತೋಟಕ್ಕೆ ಹೋಗುವವರು, ಅಡಿಕೆಗೆ ಕೊಳೆರೋಗದ ಮದ್ದು ಹೊಡೆಯುವವರು ನಿಮ್ಮಲ್ಲಿಗೆ ಯಾವಾಗ ಬರುತ್ತಾರೆಂದು ವಿಚಾರಿಸಲು ಬಂದವರು, ಮಳೆ ಜೋರಾಯಿತೆಂದು ಸೂರಿನಡಿ ನಿಂತವರು, ಎಲ್ಲರನ್ನೂ ಜಗುಲಿಗೆ ಕರೆದು ಆಸರಿಗೆ, ಅಂದರೆ ಕುಡಿಯಲು, ಏನು ಬೇಕೆಂದು ಕೇಳಲೇಬೇಕು. ಕೇಳುವುದು ತಪ್ಪಿದರೆ ಆ ವಿಷಯ ಮುಂದಿನ ಮಾರಿಕಾಂಬಾ ಜಾತ್ರೆಯವರೆಗೂ ಊರಿನ ನೆನಪಿನಲ್ಲಿ ಉಳಿಯುತ್ತದೆ, ಮತ್ತು ಜಾತ್ರೆ ನಡೆಯುವುದು ಎರಡು ವರ್ಷಕ್ಕೊಮ್ಮೆ.

ಇಂಥ ಮನೆಯಲ್ಲಿ ಟೀ ಪಾರ್ಟಿಯೊಂದನ್ನು ಏರ್ಪಡಿಸುವುದೆಂದು ಕಳೆದ ಶನಿವಾರ ನಿಶ್ಚಯವಾಗಿತ್ತು. ನಮ್ಮ ಶಾಲೆಯ ವಿಜ್ಞಾನ ಶಿಕ್ಷಕಿಗೆ ಕಾರವಾರಕ್ಕೆ ವರ್ಗವಾಗಿತ್ತು. ದೇವಿಮನೆ ಘಟ್ಟ ಇಳಿದು, ಕುಮಟಾ, ಅಂಕೋಲಾ ದಾಟಿ ನೂರು ಕಿಲೋಮೀಟರಿಗೂ ಹೆಚ್ಚು ದೂರ ಹೋಗುವವರನ್ನು ಶಾಲೆಯ ಬೆಂಚಿನ ಮೇಲೆ ಬಿಸ್ಕತ್ತು ಕೊಟ್ಟು ಕಳಿಸುವುದು ಸರಿಯಲ್ಲವೆಂದು ಎಲ್ಲರಿಗೂ ಅನ್ನಿಸಿತು. ಹಳ್ಳಿಮನೆಯೇ ಆಗಬೇಕೆಂದು ಪೇಟೆಯವರಿಗೆ ವಿಶೇಷವಾಗಿ ಅನ್ನಿಸಿತು. ಬೆಳಗಿನ ಶಾಲೆ ಮುಗಿಸಿ, ಊಟ ಮಾಡಿ, ನಾಲ್ಕು ಗಂಟೆಗೆ ಬರುವುದೆಂದಾಯಿತು. ಆಲೆಮನೆಯ ಕಾಲದಲ್ಲಿ ಮಾಡಿ ಡಬ್ಬದಲ್ಲಿ ಭದ್ರವಾಗಿಟ್ಟಿದ್ದ, ಕಬ್ಬಿನ ಹಾಲಿನ ಸಿಹಿತಿಂಡಿಯಾದ ತೊಡೆದೇವು ಇತ್ತು, ಬೇಸಿಗೆಯಲ್ಲಿ ಒಣಗಿಸಿದ ಹಲಸಿನ ಹಪ್ಪಳ ಇತ್ತು. ಅಂದರೆ ಮಧ್ಯಾಹ್ನದವರೆಗೆ ಇತ್ತು. ಓರಗಿತ್ತಿಯ ಮಕ್ಕಳೂ ನನ್ನ ಮಗನೂ ರಜೆಯ ಮಧ್ಯಾಹ್ನವನ್ನು ಹೇಗೆ ಕಳೆದರೆಂಬುದನ್ನು ಖಾಲಿ ಡಬ್ಬವೇ ಹೇಳಿತು. ಅದರ ವಿವರಕ್ಕೆ ಹೋಗುವುದಿಲ್ಲ.

ಅತಿಥಿಗಳು ಕಾಲು ತೊಳೆದು ಒಳಗೆ ಬರುವ ಹೊತ್ತಿಗೆ ಸರಿಯಾಗಿ ಹಾಲು ಒಡೆಯಿತು. ಕುದಿಯುತ್ತಿದ್ದ ದೊಡ್ಡ ಪಾತ್ರೆಯೊಳಗೆ ಯಾರೋ ಬೆಲ್ಲದ ಗಟ್ಟಿಯೊಂದನ್ನು ಹಾಕಿದ್ದರು. ಹಾಕಿದವರು ಯಾರೆಂದು ಕೇಳಿದರೆ ಮನೆಯಲ್ಲಿ ಅಷ್ಟು ಜನರಿದ್ದೂ ಒಬ್ಬರೂ ಇರಲಿಲ್ಲ. ವಿಜ್ಞಾನ ಶಿಕ್ಷಕಿಗೆ ಮಾತ್ರ ಇದು ತನ್ನ ಬೀಳ್ಕೊಡುಗೆಗೆಂದೇ ಏರ್ಪಡಿಸಿದ ಪ್ರಯೋಗದಂತೆ ಕಂಡಿರಬೇಕು. ಬೆಲ್ಲದಲ್ಲಿ ಆಮ್ಲದ ಅಂಶವಿರುವುದರಿಂದ ಕುದಿಯುವ ಹಾಲಿಗೆ ಹಾಕಿದರೆ ಒಡೆಯುವ ಸಂಭವವಿದೆಯೆಂದೂ, ಒಲೆಯಿಂದ ಇಳಿಸಿ ತುಸು ಆರಿದ ಮೇಲೆ ಬೆರೆಸಬೇಕೆಂದೂ, ಹಸಿ ಶುಂಠಿಯಲ್ಲಿಯೂ ಪ್ರೋಟೀನನ್ನು ಒಡೆಯುವ ಕಿಣ್ವವಿರುವುದರಿಂದ ಅದನ್ನು ಮೊದಲೇ ನೀರಿನಲ್ಲಿ ಕುದಿಸಿಕೊಳ್ಳುವುದು ಕ್ಷೇಮವೆಂದೂ ಅವರು ಅಡುಗೆಮನೆಯ ಬಾಗಿಲಲ್ಲಿ ನಿಂತು ಸಾವಧಾನವಾಗಿ ವಿವರಿಸಿದರು. ಪಾಠ ಚೆನ್ನಾಗಿತ್ತು, ಆದರೆ ಹಾಲು ಇರಲಿಲ್ಲ. ಸಂಜೆಯ ಹಾಲು ಕರೆಯಲು ಇನ್ನೂ ಹೊತ್ತಿತ್ತು. ಹಸುವಿಗೆ ಟೀ ಪಾರ್ಟಿಯ ಸಂಗತಿ ತಿಳಿದಿರಲಿಲ್ಲ. ಹೀಗಾಗಿ ಮೇಲಿನಮನೆಗೆ ಮಗನನ್ನು ಓಡಿಸಿದೆವು, ಹಾಲು ಬಂತು, ಹಾಲಿನ ತಂಬಿಗೆಯ ಹಿಂದೆಯೇ ಕೊಡೆ ಮಡಚುತ್ತ ದೊಡ್ಡಮಾವನೂ ಬಂದರು.

ದೊಡ್ಡಮಾವ ನನ್ನ ಮಾವನ ಅಣ್ಣ. ಒಳ್ಳೆಯವರು, ಮಿತಭಾಷಿ, ಯಾರ ಮನೆಯಲ್ಲಿಯೂ ಯಾವುದನ್ನೂ ಕೇಳಿ ತೆಗೆದುಕೊಂಡವರಲ್ಲ. ಅವರಿಗೆ ಇರುವುದು ಒಂದೇ ಅಭ್ಯಾಸ: ಚಹಾವನ್ನು ಅವರು ಎಂದೂ ಪೂರ್ತಿ ಕುಡಿಯುವುದಿಲ್ಲ, ಅರ್ಧವೇ ಕುಡಿಯುತ್ತಾರೆ. ಕೇಳುವವರಿಗೆ ಇದು ಸಂಯಮವೆಂದು ತೋರುತ್ತದೆ. ಮಾಡಿಕೊಡುವವರಿಗೆ ಮಾತ್ರ ಇದರ ನಿಜವಾದ ಗಾತ್ರ ಗೊತ್ತು. ಮೊದಲು ಅವರು ಏನೂ ಬೇಡವೆನ್ನುತ್ತಾರೆ. ಈ ಬೇಡವನ್ನು ನಂಬಿ ಒಳಗೆ ಹೋದ ಹೊಸ ಸೊಸೆಯರು ಜೀವನವಿಡೀ ಪಶ್ಚಾತ್ತಾಪಪಟ್ಟಿದ್ದಾರೆ. ಎರಡನೆಯ ಸಲ ಕೇಳಿದಾಗ "ಯಂಗೆ ಅರ್ಧವೇ ಸಾಕೇ ತಂಗಿ" ಎನ್ನುತ್ತಾರೆ. ಅರ್ಧ ಲೋಟ ತಂದಿಟ್ಟರೆ ಬಾವಿಯಲ್ಲಿ ಬಿದ್ದ ಕೊಡಪಾನ ಹುಡುಕುವವರಂತೆ ಲೋಟದೊಳಗೆ ಬಗ್ಗಿ ನೋಡುತ್ತಾರೆ, ಏನೂ ಹೇಳುವುದಿಲ್ಲ. ಆ ಮೌನ ನಮ್ಮ ಅತ್ತೆಗೆ ಅಡುಗೆಮನೆಯವರೆಗೂ ಕೇಳಿಸುತ್ತದೆ. ತುಂಬ ತಂದಿಟ್ಟರೆ ಕೈಯನ್ನು ಲೋಟದ ಮೇಲೆ ಅಡ್ಡ ಹಿಡಿದು, ಇನ್ನೊಂದು ಲೋಟ ತರಿಸಿ, ಅದಕ್ಕೆ ಅರ್ಧ ಬಗ್ಗಿಸಿಡುತ್ತಾರೆ. ತಮ್ಮ ಪಾಲನ್ನು ಕುಡಿದು, ಸಂಚಿ ಬಿಚ್ಚಿ, ಕವಳಕ್ಕೆ ಅಡಿಕೆ ಆರಿಸುತ್ತಿರುವವರಿಗೆ ಆ ಇನ್ನರ್ಧದ ನೆನಪಾಗುತ್ತದೆ. "ಕೂಸೇ, ಅದು ಹಾಳಾಗ್ತು, ತಗಂಬಾ." ಅಷ್ಟರಲ್ಲಿ ಅದು ಆರಿರುತ್ತದೆ, ಬಿಸಿ ಮಾಡಬೇಕು, ಬಿಸಿ ಮಾಡಿದರೆ ಬತ್ತಿ ಕಡಿಮೆ ಕಾಣುತ್ತದೆ, ತುಸು ಸೇರಿಸಬೇಕು, ಸೇರಿಸಿದರೆ ಅದು ಅರ್ಧಕ್ಕಿಂತ ಹೆಚ್ಚಾಗಿ, ಮತ್ತೊಂದು ಲೋಟ ಬೇಕಾಗುತ್ತದೆ. ಅವರು ಎದ್ದು ಹೋದ ಮೇಲೆ ಲೋಟಗಳನ್ನು ಎಣಿಸಿದರೆ ಸಣ್ಣದೊಂದು ಉಪನಯನ ಮುಗಿದಿದೆಯೆಂದು ಯಾರಾದರೂ ಭಾವಿಸಬಹುದು. ಇಷ್ಟಾದರೂ ಊರಿನಲ್ಲಿ ಅವರ ಹೆಸರು ಅರ್ಧ ಚಹಾದವರೆಂದೇ.

ಶನಿವಾರ ಈ ವಿಧಿಯೆಲ್ಲವೂ ಆರು ಜನ ಶಿಕ್ಷಕರ ಸಮ್ಮುಖದಲ್ಲಿ ನಡೆಯಿತು. ಒಬ್ಬರಿಗೆ ಹಾಲಿಲ್ಲದ ಚಹಾ, ಒಬ್ಬರಿಗೆ ಕಷಾಯ, ಗಣಿತದವರಿಗೆ ಬರೀ ಬಿಸಿನೀರು. ಇವುಗಳ ನಡುವೆ ದೊಡ್ಡಮಾವನ ಎರಡನೆಯ ಅರ್ಧವನ್ನು ಬಿಸಿ ಮಾಡಿ ತಂದುಕೊಟ್ಟು ನಾನು ತಿರುಗುವಷ್ಟರಲ್ಲಿ ಕರೆಂಟು ಹೋಯಿತು. ಮಳೆಗಾಲದ ಎರಚಲಿಗೆಂದು ಜಗುಲಿಗೆ ತಟ್ಟಿ ಕಟ್ಟಿರುವುದರಿಂದ ಹಗಲಿನಲ್ಲಿಯೂ ಅಲ್ಲಿ ಕತ್ತಲೆ. ಚಕ್ಕುಲಿ ಮುರಿಯುವ ಸದ್ದಿನ ನಡುವೆ ಯಾರೋ ಜೋರಾಗಿ ಚಹಾ ಹೀರುವ ಸದ್ದು ಕೇಳಿಸಿತು, ಮತ್ತು ಆ ಸದ್ದು ದೊಡ್ಡಮಾವನದಾಗಿರಲಿಲ್ಲ. ಅವರು ಆಗ ಮುಖ್ಯಾಧ್ಯಾಪಕರಿಗೆ ಅಡಿಕೆಯ ದರ ಹೇಳುತ್ತಿದ್ದರು. ನನ್ನ ಮಗ ಮೊಬೈಲಿನ ಟಾರ್ಚು ಹಾಕಿದ. ಬೆಳಕು ನೇರವಾಗಿ ಮೂಲೆಯ ಕಂಬದ ಹಿಂದೆ ಬಿತ್ತು. ಅಲ್ಲಿ ನನ್ನ ಮಾವ, ಸಕ್ಕರೆ ಕಾಯಿಲೆಯವರು, ವೈದ್ಯರಿಂದಲೂ ಅತ್ತೆಯಿಂದಲೂ ಸಿಹಿ ನಿಷೇಧಿಸಲ್ಪಟ್ಟವರು, ಆ ಇನ್ನರ್ಧವನ್ನು ಕಣ್ಣು ಮುಚ್ಚಿಕೊಂಡು ಮುಗಿಸುತ್ತಿದ್ದರು.

"ಭಾವಾ, ಇದೆಂತ ಮಾಡ್ತಾ ಇದ್ರಿ?" ಎಂದು ಅತ್ತೆ ಕೇಳಿದ್ದು ಗಂಡನನ್ನಲ್ಲ, ದೊಡ್ಡಮಾವನನ್ನು. ಅವರು ಅಡಿಕೆಯ ದರವನ್ನು ಅರ್ಧಕ್ಕೇ ನಿಲ್ಲಿಸಿದರು.

ಆಗ ಎಷ್ಟೋ ಸಂಗತಿಗಳು ಒಟ್ಟಿಗೇ ಬಗೆಹರಿದವು. ಮೂರು ತಿಂಗಳ ಸರಾಸರಿ ಹೇಳುವ ಆ ರಕ್ತಪರೀಕ್ಷೆಯಲ್ಲಿ ಮಾವನ ಲೆಕ್ಕ ಏಕೆ ಇಳಿಯುತ್ತಿರಲಿಲ್ಲ ಎಂಬುದು ತಿಳಿಯಿತು. ಅದಕ್ಕೆ ನಾನು ಮಾಡುವ ತೆಳ್ಳೇವು ಎಂಬ ತೆಳುದೋಸೆ ಮತ್ತು ಜೋನಿಬೆಲ್ಲವೇ ಕಾರಣವೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಅವರಿಗೆಂದು ಬೇರೆಯೇ ಮಾಡಿಕೊಡುತ್ತಿದ್ದ ಸಪ್ಪೆ ಚಹಾವನ್ನು ಕುಡಿದು ಜಗುಲಿಯಂಚಿನ ದಾಸವಾಳ ಎಷ್ಟು ಸೊಂಪಾಗಿ ಬೆಳೆದಿದೆ ಎಂಬುದೂ ತಿಳಿಯಿತು. ಪಾತ್ರೆಗೆ ಬೆಲ್ಲ ಬಿದ್ದದ್ದು ಯಾರಿಂದ ಎಂದು ಆಮೇಲೆ ಯಾರೂ ಕೇಳಲಿಲ್ಲ. ಅತಿಥಿಗಳು ನಕ್ಕು ನಕ್ಕು ಸುಸ್ತಾದರು, ಇಂಥ ಪಾರ್ಟಿ ಪೇಟೆಯಲ್ಲಿ ಸಿಗುವುದಿಲ್ಲವೆಂದರು. ಸಿಗುವುದಿಲ್ಲ, ನಿಜ. ಪೇಟೆಯಲ್ಲಿ ಲೋಟ ತೊಳೆಯುವ ಕೆಲಸವೂ ಇಷ್ಟು ಸಿಗುವುದಿಲ್ಲ.

ರಾತ್ರಿ ಅತ್ತೆ ಗಂಡನನ್ನು ಬೈಯುತ್ತ ಬೈಯುತ್ತ ಒಂದು ಮಾತು ಹೇಳಿದರು. ಇವರಿಬ್ಬರೂ ಹುಡುಗರಾಗಿದ್ದಾಗ ಮನೆ ತುಂಬ ಮಕ್ಕಳಂತೆ, ಹಾಲು ಮೊದಲು ಹಸುಗೂಸುಗಳಿಗೆ, ಚಹಾ ಏನಿದ್ದರೂ ಇಬ್ಬರಿಗೆ ಒಂದು ಲೋಟ. ಅಣ್ಣ ಅರ್ಧ ಕುಡಿದು ತಮ್ಮನಿಗೆ ದಾಟಿಸುತ್ತಿದ್ದರಂತೆ. ಮುಂದೆ ಹಿಸೆಯಾಯಿತು. ತೋಟ ಅರ್ಧವಾಯಿತು, ಗದ್ದೆ ಅರ್ಧವಾಯಿತು, ಸೊಪ್ಪಿನ ಬೆಟ್ಟ ಅರ್ಧವಾಯಿತು, ಮೇಲಿನಮನೆ ಕೆಳಗಿನಮನೆಯೆಂದು ಒಲೆ ಎರಡಾಯಿತು. ಯಾವ ಪಾಲುಪತ್ರದಲ್ಲಿಯೂ ಬರೆಯದ ಈ ಒಂದು ಲೋಟ ಮಾತ್ರ ಹಾಗೆಯೇ ಉಳಿದುಬಿಟ್ಟಿತು. ಇದನ್ನು ಕೇಳಿ ನನಗೆ ಸ್ವಲ್ಪ ಹೊತ್ತು ಏನೋ ಅನ್ನಿಸಿದ್ದು ಹೌದು. ಬಚ್ಚಲಿನಲ್ಲಿ ಬಿದ್ದಿದ್ದ ಪಾತ್ರೆಗಳ ರಾಶಿ ನೋಡುವವರೆಗೆ ಹಾಗೆಯೇ ಅನ್ನಿಸುತ್ತಿತ್ತು.

ಈಗ ನಮ್ಮ ಮನೆಯಲ್ಲಿ ಅತ್ತೆಯ ಹೊಸ ಕಾನೂನು ಜಾರಿಯಲ್ಲಿದೆ. ದೊಡ್ಡಮಾವನಿಗೆ ಅರ್ಧ ಅಂದರೆ ಅರ್ಧ, ಒಂದೇ ಲೋಟ, ಅತ್ತೆಯ ಕಣ್ಣೆದುರೇ ಕುಡಿದು ಲೋಟವನ್ನು ಕೈಗೆ ಕೊಡಬೇಕು, ಇನ್ನರ್ಧವೆಂಬುದು ಇನ್ನಿಲ್ಲ. ನಿನ್ನೆ ಬಂದವರು ಎಲ್ಲವನ್ನೂ ಗಂಭೀರವಾಗಿ ಒಪ್ಪಿಕೊಂಡು, ಜಗುಲಿಯಲ್ಲಿ ತಮ್ಮನ ಪಕ್ಕದಲ್ಲಿಯೇ ಕುಳಿತು, ವಯಸ್ಸಾಯಿತು, ಮೊದಲಿನಂತೆ ಅರ್ಧ ಲೋಟವೂ ಈಗ ಆಗುವುದಿಲ್ಲ, ಕಾಲು ಲೋಟ ಸಾಕು ಎಂದರು.